ಬಾಗಿಲು ದಾಟಿದ ಗಾಡಿ

ಹೋದ ತಿಂಗಳು ನಮ್ಮ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪಿನಲ್ಲಿ ಯಾರೋ ಒಬ್ಬರು, ರಾಜಗೋಪಾಲನಗರದ ಆ ಸ್ಟೇರಿಂಗ್‌ನವನು ಹೋಗಿಬಿಟ್ಟನಂತೆ ಎಂದು ಹಾಕಿದರು. ಎಲ್ಲರಿಗಿಂತ ಮೊದಲು ಅದರ ಕೆಳಗೆ ಕೈಮುಗಿದ ಚಿತ್ರ ಹಾಕಿದವರು ನಮ್ಮ ಸಂಘದ ಕಾರ್ಯದರ್ಶಿ. ಒಂದಲ್ಲ, ಮೂರು ಜೊತೆ ಕೈ. ಕಾಲೇಜಿನ ಸ್ಟಾಫ್ ರೂಮಿನಲ್ಲಿ ಊಟದ ಡಬ್ಬಿ ತೆಗೆಯುತ್ತಿದ್ದವಳು ಹಾಗೇ ಮುಚ್ಚಿಟ್ಟೆ. ಒಬ್ಬ ಮನುಷ್ಯನ ಅನ್ನಕ್ಕೆ ಕಲ್ಲು ಹಾಕಿದ ಕೈ ಅಷ್ಟು ಸಲೀಸಾಗಿ ಮುಗಿಯುವುದನ್ನು ಕಂಡು ಮೈಯೆಲ್ಲ ಉರಿದುಹೋಯಿತು. ನಾನೂ ಆ ಗುಂಪಿನಲ್ಲಿದ್ದೇನೆ, ನಾನೂ ಏನೂ ಬರೆಯದೆ ಕೂತಿದ್ದೇನೆ ಎನ್ನುವುದು ನೆನಪಾಗಿ ಇನ್ನಷ್ಟು ಉರಿಯಿತು.

ನಮ್ಮ ಅಪಾರ್ಟ್‌ಮೆಂಟಿನವರಿಗೆ ಅವರು ‘ಸ್ಟೇರಿಂಗ್‌ನವನು’. ರಾಜಗೋಪಾಲನಗರದಲ್ಲಿ ಅವರು ಸ್ಟೇರಿಂಗ್ ಮೇಷ್ಟ್ರು. ಶಾಲೆಯಲ್ಲಿ ಯಾವತ್ತೂ ಪಾಠ ಮಾಡಿದವರಲ್ಲ. ಪೀಣ್ಯದಲ್ಲಿ ಸ್ಟೇರಿಂಗ್ ತಯಾರಿಸುವ ಒಂದು ಕಾರ್ಖಾನೆಯ ತಪಾಸಣೆ ವಿಭಾಗದಲ್ಲಿ ಅರ್ಧ ಆಯುಷ್ಯ ಕಳೆದವರು. ಕಾರ್ಖಾನೆ ಊರು ಬಿಟ್ಟು ಬೇರೆ ರಾಜ್ಯಕ್ಕೆ ಹೋದಾಗ ಇವರು ಹೋಗಲಿಲ್ಲ. ರಾಜಗೋಪಾಲನಗರದ ಒಂದು ಅಡ್ಡರಸ್ತೆಯಲ್ಲಿ ತಗಡಿನ ಶೆಡ್ಡು ಹಾಕಿಕೊಂಡು, ಹಳೆಯ ಕಾರುಗಳ ಪವರ್ ಸ್ಟೇರಿಂಗ್ ತೆಗೆದು, ತೋಳಿನ ಬಲದಿಂದಲೇ ತಿರುಗಿಸುವ ಮ್ಯಾನುಯಲ್ ಕೂರಿಸುವ ಕೆಲಸ ಮಾಡುತ್ತಿದ್ದರು. ಕಾರ್ಖಾನೆಯ ಖಾಕಿ ಅಂಗಿಯನ್ನು ಮಾತ್ರ ಬಿಟ್ಟಿರಲಿಲ್ಲ. ಕಂಪನಿಯ ಚಿಹ್ನೆಯನ್ನು ಜೇಬಿನ ಮೇಲಿಂದ ಬಿಚ್ಚಿ ತೆಗೆದ ಜಾಗದಲ್ಲಿ ಬಟ್ಟೆ ಬೇರೆ ಬಣ್ಣಕ್ಕೆ ನಿಂತಿತ್ತು. ಹನ್ನೆರಡೂವರೆಗೆ ಸರಿಯಾಗಿ, ಯಾರ ಗಾಡಿಯ ಕೆಲಸ ಎಲ್ಲಿಗೆ ನಿಂತಿದ್ದರೂ, ಕೈ ತೊಳೆದು ಮುದ್ದೆಯ ಡಬ್ಬಿ ಬಿಚ್ಚುತ್ತಿದ್ದರು. ಕಾರ್ಖಾನೆಯ ಊಟದ ಸೈರನ್ನು ನಿಂತು ಎಷ್ಟೋ ವರ್ಷವಾಗಿದ್ದರೂ ಅವರ ಹೊಟ್ಟೆಗೆ ಅದು ಕೇಳಿಸುತ್ತಿತ್ತು.

ನಾನು ದಾವಣಗೆರೆ ಕಡೆಯವಳು. ದಾಸರಹಳ್ಳಿಯ ಒಂದು ಪಿಯು ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳುತ್ತೇನೆ. ಬ್ಯಾಂಕಿನಲ್ಲಿರುವ ಗಂಡ ಊರೂರಿಗೆ ವರ್ಗವಾಗುತ್ತಿರುತ್ತಾರೆ, ನಾನು ಮಗಳೊಂದಿಗೆ ಇಲ್ಲೇ ಬಾಡಿಗೆ ಫ್ಲ್ಯಾಟಿನಲ್ಲಿದ್ದೇನೆ. ನನ್ನ ಕಾರು ಹಳೆಯದು. ಅದರ ಪವರ್ ಸ್ಟೇರಿಂಗ್ ಎಣ್ಣೆ ಸೋರಲು ಶುರುವಾದಾಗ ಕಂಪನಿಯ ಸರ್ವಿಸ್ ಸೆಂಟರಿನವರು, ಈ ಪಾರ್ಟು ಬರುವುದು ನಿಂತಿದೆ ಮೇಡಂ, ಹೊಸ ಗಾಡಿ ನೋಡಿ ಎಂದು ಕಾಫಿ ಕೊಟ್ಟು ಕಳಿಸಿದರು. ಬೇರೆ ಗ್ಯಾರೇಜಿನಲ್ಲಿ ಎರಡು ಸಲ ಸೀಲು ಬದಲಿಸಿದೆ, ಎರಡು ಸಲವೂ ಸೋರಿತು. ಆಗ ಕಾಲೇಜಿನ ಅಟೆಂಡರ್ ಮೇಷ್ಟ್ರ ಶೆಡ್ಡಿನ ದಾರಿ ಹೇಳಿದರು.

ಶೆಡ್ಡಿಗೆ ಹೋದರೆ ಮೇಷ್ಟ್ರು ಕಾರನ್ನು ನೋಡುವ ಮೊದಲು ನನ್ನನ್ನು ನೋಡಿದರು. ಗಾಡಿ ಯಾರು ಓಡಿಸುವುದು ಎಂದು ಕೇಳಿದರು. ನಾನೇ ಎಂದೆ. ಯಜಮಾನರಿಲ್ಲವಾ ಎಂದರು. ನನಗೆ ಅಲ್ಲೇ ಪಿತ್ತ ನೆತ್ತಿಗೇರಿತು. ಮಾಡಿಕೊಡುವುದಾದರೆ ಮಾಡಿಕೊಡಿ, ನನ್ನ ತೋಳಿನ ವಿಚಾರ ನಿಮಗೆ ಬೇಡ ಎಂದೆ. ಮೇಷ್ಟ್ರು ಸಿಟ್ಟಾಗಲಿಲ್ಲ. ಒಳಗೆ ಹೋಗಿ ಒಂದು ಸ್ಪ್ರಿಂಗ್ ತಕ್ಕಡಿ ತಂದರು. ನಾನು ಲ್ಯಾಬಿನಲ್ಲಿ ಮಕ್ಕಳಿಗೆ ತೋರಿಸುವಂಥದ್ದೇ, ಸ್ವಲ್ಪ ದೊಡ್ಡದು. ಅದರ ಕೊಕ್ಕೆಯನ್ನು ಸ್ಟೇರಿಂಗ್ ಚಕ್ರದ ಅಂಚಿಗೆ ಸಿಕ್ಕಿಸಿ, ಮೊಣಕೈ ಮಡಿಸಿಕೊಂಡು ಎಳೆಯಿರಿ ಎಂದರು. ಮೂರು ಸಲ ಎಳೆಸಿದರು. ಪ್ರತಿ ಸಲವೂ ಮುಳ್ಳು ಎಲ್ಲಿ ನಿಂತಿತೆಂದು ಕಣ್ಣು ಕಿರಿದು ಮಾಡಿ ನೋಡಿದರು.

“ಸಾಕು. ನಿಮ್ಗೆ ಮಾಡ್ಕೊಡ್ತೀನಿ,” ಎಂದರು. “ಗಂಡಸ್ರನ್ನೂ ಇಂಗೇ ಎಳುಸ್ತೀನಿ ಮೇಡಂ. ಸುಮಾರ್ ಜನ ಫೇಲು.”

ಅದು ಸುಳ್ಳಲ್ಲ. ಮುಂದಿನ ವರ್ಷಗಳಲ್ಲಿ ಅಲೈನ್‌ಮೆಂಟಿಗೆಂದು ಹೋದಾಗೆಲ್ಲ ನಾನೇ ನೋಡಿದ್ದೇನೆ. ಭುಜ ನೋವಿದ್ದ ನಿವೃತ್ತ ಅಧಿಕಾರಿಯೊಬ್ಬರಿಗೆ, ಈ ಗಾಡಿ ಮಾರಿಬಿಡಿ, ನಿಮ್ಮ ಭುಜ ಇದಕ್ಕಿಂತ ಹಳೇದು ಎಂದು ಹೇಳಿ ಕಳಿಸಿದರು. ವೈಟ್‌ಫೀಲ್ಡಿನಿಂದ ಅಷ್ಟು ದೂರ ಬಂದ ಯುವಕನೊಬ್ಬ, ನನಗೆ ಪವರ್ ಸ್ಟೇರಿಂಗ್ ಸರಿಯಾಗೇ ಇದೆ, ಆದರೆ ರಸ್ತೆ ಕೈಗೆ ತಾಗುವ ಅನುಭವ ಬೇಕು, ಅದಕ್ಕೆ ಮ್ಯಾನುಯಲ್ ಮಾಡಿಕೊಡಿ ಎಂದ. ಚಪ್ಪಲಿ ಬಿಟ್ಟು ತುಮಕೂರು ರಸ್ತೆಯಲ್ಲಿ ನಡೆಯಿರಿ, ರಸ್ತೆ ಚೆನ್ನಾಗಿ ತಾಗುತ್ತದೆ ಎಂದು ಹೇಳಿ ಮೇಷ್ಟ್ರು ತಮ್ಮ ಕೆಲಸಕ್ಕೆ ತಿರುಗಿಕೊಂಡರು. ಹೀಗೆ ಗಿರಾಕಿಗಳನ್ನು ಓಡಿಸುವ ಮನುಷ್ಯ ಹೇಗೆ ಬದುಕುತ್ತಾರೋ ಎಂದು ನಾನು ಒಳಗೊಳಗೇ ನಕ್ಕಿದ್ದೆ.

ಅವರು ಮಾಡುತ್ತಿದ್ದ ಕೆಲಸ ಕೇಳುವುದಕ್ಕೆ ಸುಲಭ. ಎಷ್ಟೋ ಕಾರುಗಳ ಅಗ್ಗದ ಮಾಡೆಲ್ಲಿಗೆ ಕಂಪನಿಯೇ ಮೊದಲು ಪವರ್ ಇಲ್ಲದ ಸ್ಟೇರಿಂಗ್ ಕೊಡುತ್ತಿತ್ತು. ಅಂಥ ಕಾರಿನ ರ‍್ಯಾಕನ್ನು, ಅಂದರೆ ಮುಂದಿನ ಚಕ್ರಗಳನ್ನು ಅತ್ತಿತ್ತ ತಳ್ಳುವ ಹಲ್ಲಿನ ಸಲಾಕೆಯನ್ನು ಅದರ ಪೆಟ್ಟಿಗೆ ಸಮೇತ ಹುಡುಕಿ ತರಬೇಕು. ಬಿಚ್ಚಿ, ತೊಳೆದು, ಹಲ್ಲು ಹಲ್ಲನ್ನೂ ಪರೀಕ್ಷಿಸಿ ಕೂರಿಸಬೇಕು. ಪಂಪು, ಪೈಪು ಎಲ್ಲ ಕಿತ್ತು ಬೆಲ್ಟನ್ನು ಬದಲಿಸಬೇಕು. ಎರಡು ದಿನದ ಕೆಲಸ. ಪ್ರತಿ ನಟ್ಟು ಬಿಗಿದ ಮೇಲೂ ಅದರ ಮೇಲಿಂದ ಒಂದು ಹಳದಿ ಗೆರೆ ಎಳೆಯುತ್ತಿದ್ದರು, ನಟ್ಟು ಸಡಿಲವಾದರೆ ಗೆರೆ ಎರಡಾಗಿ ಕಾಣುತ್ತದೆ. ಅದು ಕಾರ್ಖಾನೆಯಲ್ಲಿ ಕಲಿತದ್ದು.

ಕೆಲಸ ಮುಗಿದರೂ ಕೀಲಿ ಕೊಡುತ್ತಿರಲಿಲ್ಲ. ಹಿಂದಿನ ಖಾಲಿ ನಿವೇಶನದಲ್ಲಿ ತಾವು ಪಕ್ಕದಲ್ಲಿ ಕೂತು ಹದಿನೈದು ಸುತ್ತು ಹೊಡೆಸುತ್ತಿದ್ದರು. ಪವರ್ ಸ್ಟೇರಿಂಗಿಗೆ ಒಗ್ಗಿದವರಿಗೆ ಗಾಡಿ ನಿಂತಲ್ಲೇ ಚಕ್ರ ತಿರುಗಿಸುವ ಚಾಳಿ. ನನಗೂ ಇತ್ತು. “ಉರುಳ್ಲಿ ಮೇಡಂ, ಒಂಚೂರು ಉರುಳ್ಲಿ, ಆಮೇಲೆ ತಿರುಗ್ಸಿ,” ಎಂದು ಹದಿನೈದು ಸುತ್ತಿನಲ್ಲಿ ಐವತ್ತು ಸಲ ಹೇಳಿರಬೇಕು. ಒಂದು ಸಲ ನಾನು ರೇಗಿ, ಅರ್ಥವಾಯಿತು ಬಿಡಿ, ನಾನು ಹೇಳುವ ಪಾಠವೇ ಘರ್ಷಣೆ ಎಂದೆ. ಹಾಗಾದರೆ ಇನ್ನೂ ನಾಚಿಕೆಯಾಗಬೇಕು ಎಂದರು. ಹದಿನೈದನೆಯ ಸುತ್ತಿಗೆ ಕಾರು ನಾನು ಹೇಳಿದಂತೆ ಕೇಳಿತು. ಅವತ್ತು ಮನೆಗೆ ಬರುವಾಗ ಆದ ಖುಷಿಯ ಬಗ್ಗೆ ಸುಳ್ಳು ಹೇಳಲಾರೆ, ಕಾರು ಕೊಂಡ ದಿನವೂ ಅಷ್ಟು ಖುಷಿಯಾಗಿರಲಿಲ್ಲ.

ಆ ಖುಷಿಯಲ್ಲೇ ನಾನು ಕೆಟ್ಟೆ. ಅಪಾರ್ಟ್‌ಮೆಂಟಿನಲ್ಲಿ ಸಿಕ್ಕವರಿಗೆಲ್ಲ ಮೇಷ್ಟ್ರ ವಿಷಯ ಹೇಳಿದೆ. ಕಾರ್ಯದರ್ಶಿಗೂ ಹೇಳಿದೆ. ಕಾರ್ಯದರ್ಶಿ ಎಂದರೆ ಈ ಅಪಾರ್ಟ್‌ಮೆಂಟ್ ನಿಂತಿರುವ ಹೊಲದ ಮಾಲೀಕರ ಮಗ. ಹೊಲ ಕೊಟ್ಟದ್ದಕ್ಕೆ ಅವರ ಮನೆಯವರಿಗೆ ಬಂದ ಫ್ಲ್ಯಾಟುಗಳಲ್ಲಿ ಒಂದರಲ್ಲಿ ನಾನಿದ್ದೇನೆ. ನನಗೆ ಅವರೇ ಮನೆ ಮಾಲೀಕರು. ಅವರ ತಂದೆಯ ಕಾಲದ ಕಾರೊಂದು ನೆಲಮಾಳಿಗೆಯಲ್ಲಿ ಎಣ್ಣೆ ಸೋರಿಸುತ್ತ ನಿಂತಿತ್ತು. ಎರಡು ವರ್ಷದ ಹಿಂದೆ ಒಂದು ಶನಿವಾರ ಅದನ್ನು ಮೇಷ್ಟ್ರ ಹತ್ತಿರ ಒಯ್ದೆವು. ದಾರಿ ತೋರಿಸಲು ನಾನೇ ಜೊತೆಗೆ ಹೋಗಿದ್ದೆ.

ಮೇಷ್ಟ್ರು ಗಾಡಿಯ ಕೆಳಗೆ ಮಲಗಿ ನೋಡಿ ಎದ್ದು, ಇದರ ರ‍್ಯಾಕೇ ಬಗ್ಗಿದೆ, ಬೇರೆಯದು ಹುಡುಕಿ ತರಲು ಒಂದು ವಾರ ಬೇಕು, ಅಲ್ಲಿಯವರೆಗೆ ಇದನ್ನು ಓಡಿಸಬೇಡಿ ಎಂದರು. ಕಾರ್ಯದರ್ಶಿಗೆ ವಾರ ಕಾಯುವ ಮನಸ್ಸಿರಲಿಲ್ಲ. ಹೇಗಿದ್ದರೂ ಮಾರುವ ಗಾಡಿ, ಬೆಲ್ಟು ತೆಗೆದು ಪೈಪು ಮುಚ್ಚಿಬಿಡಿ, ಅದೂ ಮ್ಯಾನುಯಲ್ಲೇ ಅಲ್ಲವೇ ಎಂದರು. ಮೇಷ್ಟ್ರು ಹತ್ತಿಯ ವೇಸ್ಟಿನಲ್ಲಿ ಒಂದೊಂದೇ ಬೆರಳು ಒರೆಸಿಕೊಂಡರು. ಕೋಪ ಬಂದಾಗ ಹಾಗೆ ಮಾಡುತ್ತಿದ್ದರು ಎಂದು ನನಗೆ ಆಗಲೇ ಗೊತ್ತಿತ್ತು.

“ಅದು ಮ್ಯಾನುಯಲ್ ಅಲ್ಲ ಸಾರ್. ಅದು ಕೆಟ್ಟೋಗಿರೋ ಪವರ್ ಸ್ಟೇರಿಂಗು. ನಾನ್ ಮಾಡಲ್ಲ. ಮಾಡೋರ್ ತಾವ್ಕೂ ಓಗ್ಬೇಡಿ.”

ಕಾರ್ಯದರ್ಶಿ ಕೀಲಿ ಕಿತ್ತುಕೊಂಡು ಹೊರಟರು. ಮರುದಿನ ಮೆಟ್ಟಿಲ ಮೇಲೆ ಸಿಕ್ಕಾಗ ನಗುತ್ತ, ಮೇಲ್ಸೇತುವೆ ಹತ್ತಿರ ಒಬ್ಬ ಒಂದೇ ಗಂಟೆಯಲ್ಲಿ ಮುಗಿಸಿಕೊಟ್ಟ, ನಿಮ್ಮ ಮೇಷ್ಟ್ರಿಗೆ ಹೇಳಿ ಎಂದರು. ಇದನ್ನು ನನ್ನ ಈ ಎರಡು ಕಿವಿಯಿಂದ ಕೇಳಿದ್ದೇನೆ. ಅವರೇ ಹೇಳಿದಂತೆ, ಆ ಒಂದು ಗಂಟೆಯವನು ರ‍್ಯಾಕಿನ ಎರಡು ಬಾಯಿಗೂ ಬೋಲ್ಟು ಜಡಿದಿದ್ದ. ಒಳಗೆ ಉಳಿದ ಎಣ್ಣೆಗೆ ಹೋಗಲು ದಾರಿಯಿಲ್ಲ. ಸ್ಟೇರಿಂಗ್ ಎಲ್ಲಿ ಬೇಕಾದರೂ ತಿರುಗದೆ ಹಿಡಿದುಕೊಳ್ಳಬಹುದಿತ್ತು.

ಹತ್ತು ದಿನಕ್ಕೆ ಹಿಡಿದುಕೊಂಡಿತು. ನೆಲಮಾಳಿಗೆಯಿಂದ ಮೇಲೆ ಬರುವ ಇಳಿಜಾರಿನ ತಿರುವಿನಲ್ಲಿ ನಮ್ಮ ವಾಚ್‌ಮನ್ ಮಲ್ಲಪ್ಪ ಸೀಟಿ ಹಿಡಿದು ನಿಲ್ಲುತ್ತಿದ್ದ. ರಾಯಚೂರು ಕಡೆಯವನು, ಸಣ್ಣ ಮಕ್ಕಳನ್ನು ಸ್ಕೂಲ್ ಬಸ್ಸು ಹತ್ತಿಸುವವನೂ ಅವನೇ. ಬೆಳಿಗ್ಗೆ ಕಾರ್ಯದರ್ಶಿಯ ಕಾರು ತಿರುವಿನಲ್ಲಿ ತಿರುಗಿತು, ಮರಳಿ ನೆಟ್ಟಗಾಗಲಿಲ್ಲ. ಮಲ್ಲಪ್ಪನ ಕಾಲು ಕಾರಿಗೂ ಕಂಬಕ್ಕೂ ನಡುವೆ ಸಿಕ್ಕಿ ಎರಡು ಕಡೆ ಮುರಿಯಿತು.

ಆ ಭಾನುವಾರ ಸಂಘದ ಸಭೆ ಸೇರಿತು. ಕಾರ್ಯದರ್ಶಿ ಎದ್ದು ನಿಂತು, ಬಹಳ ದುಃಖದಿಂದ, ನಮ್ಮ ಮೇಡಂ ತೋರಿಸಿದ ಮೆಕ್ಯಾನಿಕ್‌ನನ್ನು ನಂಬಿ ಕೆಟ್ಟೆ ಎಂದರು. ಕೂತಿದ್ದವರೆಲ್ಲ ನನ್ನ ಕಡೆ ತಿರುಗಿದರು. ಬಾಯಿ ತೆರೆದು ಒಂದೇ ವಾಕ್ಯ ಹೇಳಬೇಕಿತ್ತು. ಮೇಷ್ಟ್ರು ಆ ಕಾರಿಗೆ ಒಂದು ನಟ್ಟನ್ನೂ ಬಿಗಿದಿಲ್ಲ, ವಾಪಸು ಕಳಿಸಿದರು, ನಾನು ಅಲ್ಲೇ ಇದ್ದೆ. ಅಷ್ಟೇ. ಆ ವರ್ಷ ಮಗಳು ಎಸ್ಸೆಸ್ಸೆಲ್ಸಿ. ಪರೀಕ್ಷೆಗೆ ಎರಡು ತಿಂಗಳಿರುವಾಗ ಮನೆ ಖಾಲಿ ಮಾಡಿ ಎಂದರೆ ಎಲ್ಲಿಗೆ ಹೋಗಲಿ ಎಂಬ ಲೆಕ್ಕ ತಲೆಯೊಳಗೆ ಓಡಿತು. ತಲೆ ತಗ್ಗಿಸಿದೆ. ತಲೆ ತಗ್ಗಿಸಿದ್ದನ್ನು ಎಲ್ಲರೂ ಒಪ್ಪಿಗೆ ಎಂದು ತಿಳಿದರು. ತಿಳಿಯಲಿ ಎಂದೇ ನಾನೂ ಬಿಟ್ಟೆ.

ಮೇಷ್ಟ್ರನ್ನು ಠಾಣೆಗೆ ಕರೆಸಿ ಒಂದು ದಿನ ಬೆಂಚಿನ ಮೇಲೆ ಕೂರಿಸಿದರು. ನನ್ನ ಕೆಲಸವಾದರೆ ಹಳದಿ ಗೆರೆ ಇರುತ್ತದೆ, ಬಾನೆಟ್ ತೆಗೆದು ನೋಡಿ ಎಂದು ಅವರು ಕೇಳಿದರಂತೆ. ಕಾರು ಅಷ್ಟರಲ್ಲಿ ಗುಜರಿಗೆ ಹೋಗಿಯಾಗಿತ್ತು. ಕೇಸು ಏನೂ ಆಗಲಿಲ್ಲ. ಕೇಸು ಆಗಿದ್ದರೆ ವಾಸಿಯಿತ್ತು, ಯಾವುದಾದರೂ ಒಂದು ದಿನ ನಿಜ ಹೊರಗೆ ಬರುತ್ತಿತ್ತು. ಆದದ್ದು ಬರೀ ಮಾತು. ರಾಜಗೋಪಾಲನಗರದ ಕ್ಯಾಬ್ ಡ್ರೈವರುಗಳು, ಪೀಣ್ಯದ ಸಣ್ಣ ಕಾರ್ಖಾನೆಗಳ ಮಾಲೀಕರು, ಒಬ್ಬೊಬ್ಬರಾಗಿ ಬರುವುದು ಬಿಟ್ಟರು. ವರ್ಷ ತುಂಬುವುದರೊಳಗೆ ಶೆಡ್ಡಿಗೆ ಬೀಗ ಬಿತ್ತು.

ನಿಜ ಹೇಳಬೇಕೆಂದರೆ ನನಗೆ ಮೇಷ್ಟ್ರ ಮೇಲೂ ಸಿಟ್ಟಿದೆ. ಈ ಮನುಷ್ಯ ಸುಮ್ಮನಿರಬಾರದಿತ್ತೇ? ಠಾಣೆಯಿಂದ ಬಿಟ್ಟ ಮೇಲೆ ನೆಟ್ಟಗೆ ಆಸ್ಪತ್ರೆಗೆ ಹೋಗಿ ಮಲ್ಲಪ್ಪನ ಹಾಸಿಗೆಯ ಪಕ್ಕ ಕೂತಿದ್ದಾರೆ. ತಪ್ಪು ನನ್ನದೂ ಇದೆ ಎಂದಿದ್ದಾರೆ. ಮಲ್ಲಪ್ಪ ಅದನ್ನು ಕೇಳಿದ, ಪಕ್ಕದ ಹಾಸಿಗೆಯವರು ಕೇಳಿದರು, ನರ್ಸುಗಳು ಕೇಳಿದರು. ಸಂಜೆಯೊಳಗೆ, ಅವನೇ ಬಂದು ಒಪ್ಪಿಕೊಂಡನಂತೆ ಎನ್ನುವ ಸುದ್ದಿ ನಮ್ಮ ಅಪಾರ್ಟ್‌ಮೆಂಟಿಗೆ ಬಂತು. ಕಾರ್ಯದರ್ಶಿ ಅದನ್ನು ಗುಂಪಿನಲ್ಲಿ ಹಾಕಿದರು.

ಮುಚ್ಚುವ ಮೊದಲು ಒಂದೇ ಒಂದು ಸಲ ಶೆಡ್ಡಿಗೆ ಹೋದೆ. ಜಗಳ ಆಡಲೆಂದೇ ಹೋಗಿದ್ದೆ. ಮಾಡದ ತಪ್ಪನ್ನು ಯಾಕೆ ಮೈಮೇಲೆ ಎಳೆದುಕೊಂಡಿರಿ ಎಂದು ಕೂಗಾಡಿದೆ. ಮೇಷ್ಟ್ರು ನನ್ನನ್ನು ಸ್ಟೂಲಿನ ಮೇಲೆ ಕೂರಿಸಿ, ಕಾರ್ಖಾನೆಯ ಪದ್ಧತಿ ವಿವರಿಸಿದರು. ತಪಾಸಣೆಯಲ್ಲಿ ಫೇಲಾದ ಮಾಲಿಗೆ ಕೆಂಪು ಬಣ್ಣ ಬಳಿಯುತ್ತಿದ್ದರಂತೆ. ಬಳಿದು ಜಾಲರಿಯ ಕೋಣೆಯಲ್ಲಿಟ್ಟು ಬೀಗ ಹಾಕಬೇಕು. ಬೀಗದ ಕೈ ತಪಾಸಣೆಯವನ ಸೊಂಟದಲ್ಲೇ ಇರಬೇಕು. ಫೇಲು ಎಂದು ಬರೆದು ಮಾಲನ್ನು ಹೊರಗೆ ಬಿಟ್ಟವನು, ಪಾಸು ಎಂದು ಬರೆದವನಿಗಿಂತ ದೊಡ್ಡ ಕಳ್ಳ ಎಂದು ಅವರಿಗೆ ಕಲಿಸಿದ್ದರಂತೆ.

“ಆ ಗಾಡಿ ಫೇಲು ಅಂತ ನಂಗೊತ್ತಿತ್ತು. ಬಾಗ್ಲು ದಾಟೋಕೆ ಬಿಟ್ಟಿದ್ದು ನಾನು. ಕೀ ಇಸ್ಕಂಡು ಜೇಬಿಗ್ ಹಾಕ್ಕೋಬೇಕಾಗಿತ್ತು, ಬೈಯ್ಲಿ ಬುಡು ಅಂತ.”

ಇದು ಕಾರ್ಖಾನೆಯಲ್ಲ, ಕಾರ್ಯದರ್ಶಿ ನಿಮ್ಮ ಕೈಗೆ ಕೊಟ್ಟಿದ್ದು ಬಿಡಿಭಾಗವಲ್ಲ, ಬೇರೆಯವರ ಗಾಡಿಯ ಕೀಲಿಯನ್ನು ನೀವು ಹೇಗೆ ಇಟ್ಟುಕೊಳ್ಳುತ್ತೀರಿ ಎಂದು ವಾದಿಸಿದೆ. ಅವರ ತಲೆಗೆ ಹೋಗಲಿಲ್ಲ. ಕೊನೆಗೆ, ಸಭೆಯಲ್ಲಿ ನಾನು ಬಾಯಿ ಬಿಡಲಿಲ್ಲ ಎಂದು ನಾನೇ ಹೇಳಿದೆ. ಅದು ಅವರಿಗೆ ಮೊದಲೇ ಗೊತ್ತಿತ್ತು. ಮನೆ ಅವರದು, ಮಗು ಪರೀಕ್ಷೆ, ನೀವಾದರೂ ಏನು ಮಾಡೋಕಾಯ್ತದೆ ಎಂದರು. ಮುಖಕ್ಕೆ ಉಗಿದಿದ್ದರೆ ಎಷ್ಟೋ ಚೆನ್ನಾಗಿತ್ತು. ಬೈಯುವ ವಿಷಯಕ್ಕೆಲ್ಲ ಬೈಯುತ್ತಿದ್ದ ಮನುಷ್ಯ, ಬೈಯಲೇಬೇಕಾದ ಒಂದು ದಿನ ಬೈಯದೆ ಕಳಿಸಿದರು. ಮಗಳ ಪರೀಕ್ಷೆ ಮುಗಿಯಲಿ, ಎಲ್ಲರೆದುರು ಹೇಳುತ್ತೇನೆ ಎಂದು ಹೇಳಿ ಬಂದೆ. ಪರೀಕ್ಷೆ ಮುಗಿಯಿತು. ಆಮೇಲೆ ಪಿಯು ಅಡ್ಮಿಷನ್ನು ಬಂತು. ಆಮೇಲೆ ಇನ್ನೇನೋ. ಸಬೂಬಿಗೆ ಬರವೇ? ಎರಡು ವರ್ಷ ಹೀಗೇ ಕಳೆದೆ, ಹೋದ ತಿಂಗಳು ಅವರು ಎದೆನೋವಿನಿಂದ ತೀರಿಕೊಂಡರು.

ಆ ಮೂರು ಜೊತೆ ಕೈಗಳನ್ನು ನೋಡಿದ ಮರುದಿನ ಕಾಲೇಜಿಗೆ ರಜೆ ಹಾಕಿ ಮಲ್ಲಪ್ಪನನ್ನು ಹುಡುಕಿಕೊಂಡು ಹೋದೆ. ಕಾಲಿಗೆ ರಾಡು ಹಾಕಿದ ಮೇಲೆ ಅವನನ್ನು ನಮ್ಮಲ್ಲಿ ಇಟ್ಟುಕೊಳ್ಳಲಿಲ್ಲ. ಪೀಣ್ಯ ಎರಡನೇ ಹಂತದ ಒಂದು ಕಾರ್ಖಾನೆಯ ಗೇಟಿನಲ್ಲಿ ಕುರ್ಚಿ ಹಾಕಿಕೊಂಡು ಬರುವ ಹೋಗುವ ಲಾರಿಗಳ ನಂಬರು ಬರೆಯುತ್ತಾನೆ. ನನ್ನನ್ನು ನೋಡಿ ಏಳಲು ಹೋದ, ನಾನೇ ಕೂರಿಸಿದೆ. ಮಗಳು ಹೇಗಿದ್ದಾಳೆ ಎಂದು ಮೊದಲು ಕೇಳಿದ. ಅವಳನ್ನೂ ಬಸ್ಸು ಹತ್ತಿಸಿದವನು ಅವನೇ.

ನಿಂತುಕೊಂಡೇ ಎಲ್ಲ ಹೇಳಿದೆ. ಶನಿವಾರದ್ದು, ಮೆಟ್ಟಿಲ ಮೇಲಿನದ್ದು, ಸಭೆಯದ್ದು, ಮೇಷ್ಟ್ರು ಆಸ್ಪತ್ರೆಯಲ್ಲಿ ಹೇಳಿದ ಮಾತಿಗೆ ನಿಜವಾದ ಅರ್ಥ ಏನು ಎನ್ನುವುದನ್ನೂ ಹೇಳಿದೆ. ಮಲ್ಲಪ್ಪ ಗೇಟಿನ ಕಡೆ ನೋಡುತ್ತಲೇ ಮಾತಾಡಿದ. ಆ ಮನುಷ್ಯ ಪ್ರತಿ ವಾರ ಹಣ್ಣು ತರುತ್ತಿದ್ದರು, ಒಂದು ಸಲ ಆ ಹಣ್ಣನ್ನು ಅವರ ಮೇಲೆಯೇ ಎಸೆದೆ, ಅವ್ವ ಅಕ್ಕ ಎಂದು ಬೈದೆ, ಅವರು ಆರಿಸಿಕೊಂಡು ಮತ್ತೆ ಮೇಜಿನ ಮೇಲಿಟ್ಟು ಹೋದರು ಎಂದ. ಆಮೇಲೆ ನನ್ನ ಕಡೆ ತಿರುಗಿದ.

“ನನ್ನ ಕಾಲು ಮುರದಾವ್ರು ಯಾರು ಅಂತ ನಿಮಗ ಗೊತ್ತಿತ್ತಲ್ರಿ ಮೇಡಮ್ಮಾರ. ಊರ ತುಂಬ ನಾನ ಹೇಳ್ಕೊಂತ ಅಡ್ಡಾಡೀನಿ, ಅವನ ಮಾಡ್ಯಾನ, ಅವನ ಒಪ್ಕೊಂಡಾನ ಅಂತ. ಸುಳ್ಳು ಸೆಕ್ರೆಟ್ರಿ ಸಾಹೇಬ್ರದ್ದು. ಸುಮ್ಮನ ಕುಂತಾವ್ರು ನೀವು. ಬಾಯಿ ಮಾತ್ರ ನಂದು.”

ಮಗಳ ಪರೀಕ್ಷೆಯ ವಿಷಯ ಅವನೆದುರು ಎತ್ತುವಷ್ಟು ಮಾನಗೆಟ್ಟಿರಲಿಲ್ಲ. ಇದನ್ನು ನನಗೆ ಹೇಳಿ ಏನು ಬಂತು, ನಿಮ್ಮ ಅಪಾರ್ಟ್‌ಮೆಂಟಿನವರಿದ್ದಾರಲ್ಲ, ಅಲ್ಲಿ ಹೇಳಿ ಎಂದು ಲಾರಿಯೊಂದಕ್ಕೆ ಗೇಟು ತೆಗೆಯಲು ಎದ್ದು ಹೋದ. ಒಂದೊಂದು ಹೆಜ್ಜೆಗೂ ಗೇಟಿನ ಸರಳು ಹಿಡಿದುಕೊಂಡು ನಡೆಯುತ್ತಿದ್ದ.

ಮನೆಗೆ ಬಂದು ಬರೆಯಲು ಕೂತೆ. ಆ ಕಾರನ್ನು ಮೇಷ್ಟ್ರು ಮುಟ್ಟಲಿಲ್ಲ, ಓಡಿಸಬೇಡಿ ಎಂದು ಹೇಳಿ ವಾಪಸು ಕಳಿಸಿದರು, ಬೇರೆಯವನ ಹತ್ತಿರ ಒಂದು ಗಂಟೆಯಲ್ಲಿ ಕೆಲಸ ಮಾಡಿಸಿದವರು ಕಾರ್ಯದರ್ಶಿ. ನಾಲ್ಕು ಸಾಲು. ಬೆಳಿಗ್ಗೆ ಎಲ್ಲರೂ ಏಳುವ ಮೊದಲೇ ಲಿಫ್ಟಿನ ಪಕ್ಕದ ನೋಟಿಸ್ ಬೋರ್ಡಿಗೆ ಅಂಟಿಸಿ ಕಾಲೇಜಿಗೆ ಹೋದೆ. ಮಧ್ಯಾಹ್ನ ಬರುವಷ್ಟರಲ್ಲಿ ಅದು ಇರಲಿಲ್ಲ. ಯಾರೋ ಬರೆದ ಚಾಡಿ ಎಂದು ಕಾರ್ಯದರ್ಶಿ ಗುಂಪಿನಲ್ಲಿ ಹಾಕಿದ್ದರು. ಅವರು ಹೇಳಿದ್ದರಲ್ಲಿ ತಪ್ಪೇನಿದೆ? ನಾನು ಕೆಳಗೆ ಹೆಸರನ್ನೇ ಹಾಕಿರಲಿಲ್ಲ. ಎರಡು ವರ್ಷ ಕಳೆದು, ಆ ಮನುಷ್ಯ ಸತ್ತು, ಮಲ್ಲಪ್ಪನ ಬಾಯಲ್ಲಿ ಅಷ್ಟು ಕೇಳಿಸಿಕೊಂಡು ಬಂದ ಮೇಲೂ ನನ್ನ ಕೈ ಅಲ್ಲಿಗೇ ನಿಂತಿತ್ತು.

ಮತ್ತೆ ಬರೆದೆ. ನಾನು ಜೊತೆಗಿದ್ದೆ, ಸಭೆಯಲ್ಲಿ ಮನೆಯ ಆಸೆಗೆ ಸುಳ್ಳಿಗೆ ತಲೆ ತಗ್ಗಿಸಿದೆ ಎಂದು ಐದನೆಯ ಸಾಲು ಸೇರಿಸಿದೆ. ಕೆಳಗೆ ನನ್ನ ಹೆಸರು, ಫ್ಲ್ಯಾಟ್ ನಂಬರು. ಸಂಜೆ, ಜನ ಓಡಾಡುವ ಹೊತ್ತಿನಲ್ಲಿ, ಕಾರ್ಯದರ್ಶಿ ನೋಡುತ್ತಿರುವಾಗಲೇ ಅಂಟಿಸಿದೆ. ಮನೆ ಖಾಲಿ ಮಾಡಲು ಅವರು ನನಗೆ ಒಂದು ತಿಂಗಳು ಕೊಟ್ಟಿದ್ದಾರೆ. ಹಾಳೆಯನ್ನು ಮಾತ್ರ ಈ ಸಲ ಯಾರೂ ಕಿತ್ತಿಲ್ಲ.